ಕಾರ್ಖಾನೆಗಿಂತ ದೀರ್ಘಾಯುಷಿಯಾದ ಬಸ್ಸು

2005ರ ಡಿಸೆಂಬರ್ 9ರಂದು ಲಂಡನ್ನಿನ 159ನೇ ಮಾರ್ಗದ ಇಕ್ಕೆಲಗಳಲ್ಲಿ ಜನರು ಕ್ಯಾಮೆರಾ ಹಿಡಿದು ಕಾದಿದ್ದರು. ಹಿಂಬದಿಯಲ್ಲಿ ಬಾಗಿಲಿಲ್ಲದ ತೆರೆದ ಪ್ರವೇಶ, ಟಿಕೆಟ್ ನೀಡಲು ಕಂಡಕ್ಟರ್ ಇದ್ದ ಕೆಂಪು ಡಬಲ್ ಡೆಕರ್ ‘ರೂಟ್‌ಮಾಸ್ಟರ್’ ಅಂದು ನಗರದ ದೈನಂದಿನ ಸೇವೆಯಿಂದ ನಿವೃತ್ತವಾಯಿತು. ಗಾಲಿಕುರ್ಚಿಯವರು ಹತ್ತಲಾಗದ ಹಾಗೂ ಇಬ್ಬರು ಸಿಬ್ಬಂದಿ ಬೇಕಾಗುವ ವಾಹನವನ್ನು ಹಿಂತೆಗೆದುಕೊಂಡದ್ದಕ್ಕೆ ಸಕಾರಣಗಳಿದ್ದವು. ಆದರೆ ಬಸ್ಸಿನ ಬಾಳು ಅಲ್ಲಿಗೆ ಮುಗಿಯಲಿಲ್ಲ. 1954ರಿಂದ 1968ರವರೆಗೆ ತಯಾರಾದ 2,876 ಬಸ್ಸುಗಳ ಪೈಕಿ ಸಾವಿರಕ್ಕೂ ಹೆಚ್ಚು ಉಳಿದುಕೊಂಡಿವೆ. ಇದಕ್ಕೆ ಹವ್ಯಾಸಿಗಳ ಅಭಿಮಾನವೊಂದೇ ಕಾರಣವಲ್ಲ. ಅದರ ತಯಾರಿಕೆಯ ಕ್ರಮವೂ ಕಾರಣ.

ಬದಲಾಯಿಸಬಲ್ಲ ಬಿಡಿಭಾಗಗಳು

ಎರಡನೆಯ ಮಹಾಯುದ್ಧದಲ್ಲಿ ಹ್ಯಾಲಿಫ್ಯಾಕ್ಸ್ ಬಾಂಬರ್ ವಿಮಾನಗಳ ತಯಾರಿಕೆಯಲ್ಲಿ ಪಾಲ್ಗೊಂಡಿದ್ದ ಲಂಡನ್ ಸಾರಿಗೆ ಸಂಸ್ಥೆಯು ಆ ಅನುಭವವನ್ನು ಬಸ್ಸಿಗೆ ಅಳವಡಿಸಿತು. ಬಾಡಿಗೆ ಹಗುರವಾದ ಅಲ್ಯೂಮಿನಿಯಂ ಬಳಸಲಾಯಿತು. ಪ್ರತ್ಯೇಕ ಚಾಸಿಯ ಬದಲು ಮುಂದೊಂದು, ಹಿಂದೊಂದು ಉಪಚೌಕಟ್ಟನ್ನು ಬಾಡಿಗೇ ಜೋಡಿಸಲಾಯಿತು. ಹಿಂದಿನ ‘ಆರ್‌ಟಿ’ ಮಾದರಿಯಲ್ಲಿ 56 ಆಸನಗಳಿದ್ದರೆ, ಹೆಚ್ಚುಕಡಿಮೆ ಅಷ್ಟೇ ತೂಕದ ರೂಟ್‌ಮಾಸ್ಟರ್‌ನಲ್ಲಿ 64 ಆಸನಗಳಿಗೆ ಸ್ಥಳ ದೊರೆಯಿತು.

ಒಂದು ಬಸ್ಸಿನ ಭಾಗ ಇನ್ನೊಂದಕ್ಕೆ ಸರಿಹೊಂದಬೇಕೆಂಬುದು ಈ ವ್ಯವಸ್ಥೆಯ ಮೂಲಸೂತ್ರ. ಆಲ್ಡೆನ್‌ಹ್ಯಾಮ್ ಕಾರ್ಯಾಗಾರದಲ್ಲಿ ದುರಸ್ತಿಗೆ ಬಂದ ಬಸ್ಸಿನ ಬಾಡಿಯನ್ನೂ ಯಂತ್ರಭಾಗಗಳನ್ನೂ ಬೇರ್ಪಡಿಸಿ, ಸಿದ್ಧವಿದ್ದ ಬೇರೊಂದು ಬಾಡಿಯನ್ನು ಜೋಡಿಸಿ ಕಳುಹಿಸುವುದು ವಾಡಿಕೆಯಾಗಿತ್ತು. ಹೀಗಾಗಿ ಒಂದು ಸಂಖ್ಯೆಯ ಬಸ್ಸು ಒಳಹೋಗಿ, ಅದೇ ಸಂಖ್ಯೆ ಹೊತ್ತ ಬೇರೆ ಬಾಡಿ ಹೊರಬರುತ್ತಿತ್ತು.

ಛಾಯಾಚಿತ್ರವೇ ದಾಖಲೆ

ಇಂದಿನ ಮಾಲೀಕರಿಗೆ ಇದೇ ತೊಡಕು. ಬಸ್ಸಿನ ಸಂಖ್ಯೆಯೊಂದರಿಂದಲೇ ಬಾಡಿಯ ಇತಿಹಾಸ ತಿಳಿಯದು. ಇಲ್ಲಿ ನೆರವಿಗೆ ಬರುವುದು ಹವ್ಯಾಸಿಗಳು ರಸ್ತೆಬದಿಯಲ್ಲಿ ನಿಂತು ತೆಗೆದ ಹಳೆಯ ಚಿತ್ರಗಳು. ಆರಂಭದ ಬಾಡಿಗಳಲ್ಲಿ ಮೇಲಂತಸ್ತಿನ ಮುಂಭಾಗದ ಕಿಟಕಿಗಳು ತೆರೆಯುತ್ತಿರಲಿಲ್ಲ, ನಂತರದವುಗಳಲ್ಲಿ ತೆರೆಯುತ್ತಿದ್ದವು. ದಿನಾಂಕವಿರುವ ಒಂದು ಚಿತ್ರದಿಂದ, ಆ ಸಂಖ್ಯೆಯ ಬಸ್ಸಿಗೆ ಆಗ ಯಾವ ಬಗೆಯ ಬಾಡಿ ಇತ್ತೆಂದು ಊಹಿಸಬಹುದು. ಬಣ್ಣದ ಪಟ್ಟಿ, ಅಕ್ಷರಗಳ ಅಳತೆ, ಜಾಹೀರಾತು ಫಲಕದ ಸ್ಥಾನ ಇವೆಲ್ಲಕ್ಕೂ ಚಿತ್ರಗಳೇ ಆಧಾರ. ಅಂದು ವಿನೋದಕ್ಕಾಗಿ ತೆಗೆದದ್ದು ಇಂದು ಕಾರ್ಯಾಗಾರದ ದಾಖಲೆಯಾಗಿದೆ.

ತಯಾರಕರು ಹೋದರೂ

ಯಂತ್ರಭಾಗ ತಯಾರಿಸುತ್ತಿದ್ದ ಸೌತಾಲ್‌ನ ಎಇಸಿ ಕಾರ್ಖಾನೆ 1979ರಲ್ಲಿ ಮುಚ್ಚಿತು. ಬಾಡಿ ಕಟ್ಟುತ್ತಿದ್ದ ಪಾರ್ಕ್ ರಾಯಲ್ 1980ರಲ್ಲಿ, ಆಲ್ಡೆನ್‌ಹ್ಯಾಮ್ 1986ರಲ್ಲಿ ಬಾಗಿಲು ಹಾಕಿದವು. ಆದರೂ ಬಸ್ಸು ಮತ್ತೆ ಸುಮಾರು ಎರಡು ದಶಕ ದುಡಿಯಿತು. ಗುಜರಿಗೆ ಹೋದವುಗಳ ಭಾಗಗಳು ಓಡುತ್ತಿದ್ದವಕ್ಕೆ ಆಸರೆಯಾದವು. 1990ರ ದಶಕದಲ್ಲಿ ನೂರಾರು ಬಸ್ಸುಗಳಿಗೆ ಕಮ್ಮಿನ್ಸ್, ಇವೆಕೊ ಎಂಜಿನ್‌ಗಳನ್ನು ಅಳವಡಿಸಲಾಯಿತು.

ಇಂದು ಉಳಿದವುಗಳಲ್ಲಿ ಕೆಲವು ಮದುವೆ ಹಾಗೂ ಪ್ರವಾಸಗಳಿಗೆ ಬಾಡಿಗೆಗೆ ಓಡುತ್ತವೆ. ಕೆಲವು ಸಂಗ್ರಹಾಲಯ ಸೇರಿವೆ. ಸರ್ರೆ ಪ್ರಾಂತ್ಯದ ಬ್ರೂಕ್‌ಲ್ಯಾಂಡ್ಸ್‌ನಲ್ಲಿ 2011ರಲ್ಲಿ ತೆರೆದ ಲಂಡನ್ ಬಸ್ ಸಂಗ್ರಹಾಲಯದಲ್ಲಿ ಸ್ವಯಂಸೇವಕರೇ ಹಳೆಯ ಬಸ್ಸುಗಳನ್ನು ಸುಸ್ಥಿತಿಯಲ್ಲಿಡುತ್ತಾರೆ. ಆದರೆ ಒಂದು ನಷ್ಟವನ್ನು ಹಣದಿಂದ ತುಂಬಲಾಗದು. ಆಲ್ಡೆನ್‌ಹ್ಯಾಮ್ ಮುಚ್ಚಿ ಸುಮಾರು ನಾಲ್ಕು ದಶಕಗಳಾದವು. ಅಲ್ಲಿ ದುಡಿದ ಫಿಟ್ಟರ್‌ಗಳು ವೃದ್ಧರಾಗಿದ್ದಾರೆ. ಯಾವ ಜೋಡಣೆ ಮೊದಲು ಬಿಚ್ಚಬೇಕು, ಯಾವುದನ್ನು ಎಷ್ಟು ಬಿಗಿಯಬೇಕು ಎಂಬ ಕೈಯ ಅರಿವನ್ನು ಬರೆದಿಡದಿದ್ದರೆ ಅದು ಅವರೊಂದಿಗೇ ಮರೆಯಾಗುತ್ತದೆ.

ಸಣ್ಣ ತಯಾರಕರು ಗಮನಿಸಬೇಕಾದ ಅಂಶವೂ ಇದೇ. ನಕ್ಷೆ, ಅಳತೆ, ಬಿಡಿಭಾಗದ ಸಂಖ್ಯೆ, ಹಳೆಯ ಕೆಲಸಗಾರನ ಅನುಭವ, ದಿನಾಂಕ ಬರೆದ ನಾಲ್ಕು ಛಾಯಾಚಿತ್ರ ಇವುಗಳನ್ನು ಕಾಪಾಡಲು ಹೆಚ್ಚಿನ ಬಂಡವಾಳ ಬೇಡ. ದುರಸ್ತಿಗೆ ಒದಗುವಂತೆ ಮಾಡಿದ ವಸ್ತು ತನ್ನನ್ನು ತಯಾರಿಸಿದ ಕಾರ್ಖಾನೆಗಿಂತ ಹೆಚ್ಚು ಕಾಲ ಬಾಳಬಲ್ಲದು.