ಕುಲಕಸುಬಿನಾಚೆಯ ಕುಶಲಕರ್ಮಿ: ಮಂಗಳೂರಿನ ಬಾಸೆಲ್ ಮಿಶನ್ ಕ್ರೈಸ್ತರ ಕಸುಬಿನ ಬದುಕು

ಕರ್ನಾಟಕದ ಜಾನಪದ ಅಧ್ಯಯನದಲ್ಲಿ ಕಸುಬು ಮತ್ತು ಕುಲ ಒಂದನ್ನೊಂದು ಬಿಟ್ಟಿರದ ಪರಿಕಲ್ಪನೆಗಳಾಗಿ ಬಳಕೆಯಾಗುತ್ತ ಬಂದಿವೆ. ಕಮ್ಮಾರ, ಬಡಗಿ, ಕುಂಬಾರ, ನೇಕಾರ ಇವರ ಕೌಶಲವನ್ನು ತಂದೆಯಿಂದ ಮಗನಿಗೆ ಹರಿದು ಬಂದ ಜ್ಞಾನವೆಂದು ನಾವು ದಾಖಲಿಸಿದ್ದೇವೆ. ಅದಕ್ಕೆ ಅಂಟಿಕೊಂಡ ಕುಲದೈವ, ಆಯುಧಪೂಜೆ, ಉತ್ಪತ್ತಿ ಪುರಾಣಗಳನ್ನು ಸಂಗ್ರಹಿಸಿದ್ದೇವೆ. ಈ ಚೌಕಟ್ಟಿನೊಳಗೆ ಕುಲಕಸುಬನ್ನು ತೊರೆದು ಅಥವಾ ಕಳೆದುಕೊಂಡು, ಬೇರೊಂದು ಕಸುಬನ್ನು ಒಂದೇ ತಲೆಮಾರಿನಲ್ಲಿ ಕಲಿತವನಿಗೆ ಸ್ಥಾನವಿಲ್ಲ. ಹತ್ತೊಂಬತ್ತನೆಯ ಶತಮಾನದ ಮಂಗಳೂರಿನ ಬಾಸೆಲ್ ಮಿಶನ್ ಸಭೆಗೆ ಸೇರಿದ ನೇಕಾರ, ಮೊಳೆ ಜೋಡಿಸುವವ ಮತ್ತು ಹಂಚು ಕೆಲಸಗಾರ ಇಂಥವರು. ಅವರ ಬದುಕಿನ ಸ್ವರೂಪವನ್ನು ವಿವರಿಸಿ, ಅವರ ಜ್ಞಾನವೂ ಜಾನಪದ ಅಧ್ಯಯನದ ವಸ್ತುವೇ ಎಂಬುದನ್ನು ಸ್ಥಾಪಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕಸುಬು ಬದಲಾದ ಸಂದರ್ಭ

ಬಾಸೆಲ್ ಮಿಶನ್ನಿನ ಮೊದಲ ತಂಡ ಮಂಗಳೂರಿಗೆ ಬಂದದ್ದು 1834ರಲ್ಲಿ. ಆಗ ದಕ್ಷಿಣ ಕನ್ನಡ ಮದರಾಸು ಪ್ರಾಂತಕ್ಕೆ ಸೇರಿದ್ದು, ಮಂಗಳೂರು ಒಂದು ಸಣ್ಣ ರೇವುಪಟ್ಟಣವಾಗಿತ್ತು. ಮಿಶನ್ನಿಗೆ ಸೇರಿದವರಲ್ಲಿ ಬಿಲ್ಲವರು ಗಣನೀಯ ಸಂಖ್ಯೆಯಲ್ಲಿದ್ದರು. ಅವರ ಪಾರಂಪರಿಕ ವೃತ್ತಿಗಳಲ್ಲಿ ಮುಖ್ಯವಾದುದು ಮೂರ್ತೆ, ಅಂದರೆ ಕಳ್ಳು ಇಳಿಸುವುದು. ಮದ್ಯದ ವ್ಯವಹಾರ ಸಭೆಯ ನೀತಿಗೆ ಒಗ್ಗುವಂಥದ್ದಾಗಿರಲಿಲ್ಲ. ಅಳಿಯಸಂತಾನ ಕಟ್ಟಿನ ಕುಟುಂಬದಿಂದ ಹೊರಬಿದ್ದವನಿಗೆ ಮನೆ, ಗದ್ದೆಗಳೂ ದೂರವಾಗುತ್ತಿದ್ದವು. ಮತಾಂತರದ ಕಾರಣಕ್ಕೆ ಉತ್ತರಾಧಿಕಾರ ತಪ್ಪಬಾರದೆಂದು 1850ರ 21ನೆಯ ಕಾಯಿದೆ ಹೇಳಿತಾದರೂ ಕುಟುಂಬದ ಅನ್ನ ಮತ್ತು ಆಶ್ರಯವನ್ನು ಕಾಯಿದೆ ಮರಳಿ ಕೊಡಿಸಲಾರದು.

ಇದಕ್ಕಿಂತ ಆಳವಾದ ಇನ್ನೊಂದು ನಷ್ಟವಿತ್ತು. ತುಳುನಾಡಿನ ಭೂತಾರಾಧನೆಯಲ್ಲಿ ಪ್ರತಿಯೊಂದು ಸಮುದಾಯಕ್ಕೂ ನಿಗದಿಯಾದ ಸೇವೆಯಿದೆ. ಕಸುಬೆಂಬುದು ಅಲ್ಲಿ ಸಂಪಾದನೆಯ ದಾರಿ ಮಾತ್ರವಲ್ಲ, ಊರಿನೊಳಗೆ ಒಬ್ಬನಿಗಿರುವ ಜಾಗ. ಸಭೆ ಸೇರಿದವನು ಆ ಸೇವೆಯಿಂದ ಹೊರಗುಳಿದಾಗ ಊರಿನ ಕಟ್ಟುಕಟ್ಟಳೆಯಿಂದಲೂ ಹೊರಗಾದನು. ಹೀಗಾಗಿ ಅವನಿಗೆ ಬೇಕಾದುದು ಕೂಲಿಯಷ್ಟೇ ಅಲ್ಲ, ‘ಇವನು ಇಂಥವನು’ ಎಂದು ಗುರುತಿಸಿಕೊಳ್ಳಬಲ್ಲ ಒಂದು ಹೊಸ ಹೆಸರು.

ಮಿಶನರಿಗಳಲ್ಲಿ ಅನೇಕರು ಜರ್ಮನಿಯ ವುರ್ಟೆಂಬರ್ಗ್ ಪ್ರದೇಶದ ಹಳ್ಳಿ ಹಾಗೂ ಸಣ್ಣ ಪಟ್ಟಣಗಳ ರೈತ, ಕುಶಲಕರ್ಮಿ ಕುಟುಂಬಗಳಿಂದ ಬಂದವರು. ಪಯಟಿಸ್ಟ್ ಎಂಬ ಭಕ್ತಿಪಂಥದ ಪ್ರಭಾವದಲ್ಲಿ ಬೆಳೆದ ಅವರಿಗೆ ಕೈಕಸುಬು ಹೀನವಾದುದಾಗಿರಲಿಲ್ಲ. ಶ್ರದ್ಧೆಯ ದುಡಿಮೆ ಭಕ್ತಿಯ ಒಂದು ರೂಪವೇ ಆಗಿತ್ತು. ನಮ್ಮ ಶರಣರ ಕಾಯಕ ತತ್ತ್ವದೊಡನೆ ಇದನ್ನು ಹೋಲಿಸಬಹುದಾದರೂ ಒಂದು ವ್ಯತ್ಯಾಸವನ್ನು ಮರೆಯಲಾಗದು. ಕಾಯಕದ ಫಲ ದಾಸೋಹಕ್ಕೆ ಸಲ್ಲುತ್ತಿತ್ತು. ಇಲ್ಲಿ ದುಡಿಮೆಯ ಫಲ ಒಂದು ಭಾಗ ಕೂಲಿಯಾಗಿ ಕೆಲಸಗಾರನಿಗೂ ಉಳಿದದ್ದು ಉದ್ಯಮದ ಲೆಕ್ಕಕ್ಕೂ ಸಲ್ಲುತ್ತಿತ್ತು. ಮಿಶನ್ನಿನ ವ್ಯಾಪಾರ ಸಂಸ್ಥೆ ಹುಟ್ಟಿಕೊಂಡದ್ದು 1859ರಲ್ಲಿ.

ಮಗ್ಗ, ಮೊಳೆ, ಹಂಚು

ನೇಯ್ಗೆಯಲ್ಲಿ ಬದಲಾವಣೆ ತಂದವರು 1851ರಲ್ಲಿ ಬಂದ ನೇಕಾರ ಜಾನ್ ಹಾಲರ್. ಊರಿನ ಕುಣಿಮಗ್ಗದಲ್ಲಿ ನೇಕಾರನು ಲಾಳಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸುತ್ತಿದ್ದುದರಿಂದ ಬಟ್ಟೆಯ ಅಗಲ ಅವನ ತೋಳಿನಳತೆಗೆ ಸೀಮಿತವಾಗಿತ್ತು. ಇಂಗ್ಲೆಂಡಿನ ಜಾನ್ ಕೇ 1733ರಲ್ಲಿ ರೂಪಿಸಿದ ಹಾರುಲಾಳಿಯ ಮಗ್ಗದಲ್ಲಿ ಹಗ್ಗವೆಳೆದರೆ ಲಾಳಿ ತಾನೇ ಓಡುತ್ತದೆ. ಹಾಸು ಹೊಕ್ಕುಗಳ ತತ್ತ್ವ ಅದೇ. ದೇಹದ ಚಲನೆ ಮಾತ್ರ ಬೇರೆ. ಮಿಶನ್ನಿನ ಚರಿತ್ರಕಾರರು ಖಾಕಿ ಬಣ್ಣದ ಶೋಧವನ್ನೂ ಹಾಲರ್ ಅವರ ಹೆಸರಿಗೆ ಸಲ್ಲಿಸುತ್ತಾರೆ. ಪಂಜಾಬಿನ ಗೈಡ್ಸ್ ಪಡೆಯವರು 1840ರ ದಶಕದ ಕೊನೆಗೇ ಮಣ್ಣಿನ ಬಣ್ಣದ ಉಡುಪು ತೊಟ್ಟಿದ್ದುದರಿಂದ ಖಾಕಿಗೆ ಮಂಗಳೂರೊಂದೇ ಮೂಲವೆನ್ನುವುದು ಸಾಧುವಲ್ಲ. ಆದರೆ ಬಣ್ಣಗಾರನ ಕೈಗುಣ ಸೈನ್ಯದ ಉಡುಪಿನವರೆಗೆ ತಲುಪಿದ ಬಗೆ ಗಮನಾರ್ಹ.

ಮುದ್ರಣಾಲಯ 1841ರಲ್ಲಿ ಆರಂಭವಾಯಿತು. ಹರ್ಮನ್ ಮೋಗ್ಲಿಂಗ್ ಅವರ ‘ಮಂಗಳೂರ ಸಮಾಚಾರ’ 1843ರಲ್ಲಿ ಕಲ್ಲಚ್ಚಿನಲ್ಲಿ ಹೊರಬಂದಿತು. ಮುಂದೆ ಮೊಳೆಯಚ್ಚು ಬಂದಾಗ ಕನ್ನಡ ಮೊಳೆ ಜೋಡಿಸುವವರ ಹೊಸ ವರ್ಗವೇ ರೂಪುಗೊಂಡಿತು. ರೋಮನ್ ಲಿಪಿಯಲ್ಲಿ ಅಕ್ಷರಗಳು ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಕನ್ನಡದಲ್ಲಿ ಗುಣಿತ ಚಿಹ್ನೆಗಳು ಮೇಲೆ, ಪಕ್ಕದಲ್ಲಿ, ಒತ್ತಕ್ಷರಗಳು ಕೆಳಗೆ ಕೂರುತ್ತವೆ. ಹತ್ತಾರು ಮನೆಗಳ ಪೆಟ್ಟಿಗೆಯಲ್ಲಿ ಯಾವ ಮೊಳೆ ಎಲ್ಲಿದೆಯೆಂಬುದು ಕಣ್ಣಿಗಿಂತ ಮೊದಲು ಬೆರಳಿಗೆ ತಿಳಿದಿರಬೇಕು. ಕನ್ನಡಿಯ ಬಿಂಬದಂತೆ ತಿರುವಿದ ಅಕ್ಷರವನ್ನು ಸರಾಗವಾಗಿ ಓದಬೇಕು. 1894ರಲ್ಲಿ ಪ್ರಕಟವಾದ ಕಿಟೆಲ್ ನಿಘಂಟನ್ನು ನಾವು ಸಂಪಾದಕರ ವಿದ್ವತ್ತಿನ ಸ್ಮಾರಕವೆಂದು ಕಾಣುತ್ತೇವೆ. ಅದು ಸರಿಯೂ ಹೌದು. ಆದರೆ ಕನ್ನಡದ ಜೊತೆಗೆ ಸೂಕ್ಷ್ಮ ಚಿಹ್ನೆಗಳುಳ್ಳ ರೋಮನ್ ಲಿಪಿಯನ್ನು ಪುಟಪುಟವೂ ಜೋಡಿಸಿದ ಮಂಗಳೂರಿನ ಕೈಗಳ ವಿದ್ವತ್ತಿಗೂ ಅದು ಸಾಕ್ಷಿ. 1847ರ ತುಳು ಹೊಸ ಒಡಂಬಡಿಕೆ, 1886ರ ಮೆನ್ನರ್ ಅವರ ತುಳು ನಿಘಂಟುಗಳ ಮೂಲಕ ಕನ್ನಡ ಲಿಪಿಯಲ್ಲಿ ತುಳುವಿನ ಮುದ್ರಿತ ರೂಪ ನೆಲೆಗೊಂಡದ್ದರಲ್ಲೂ ಈ ಅಚ್ಚುಕೂಟದ ಪಾಲಿದೆ.

ಹಂಚಿನ ಉದ್ಯಮದ ಪ್ರವರ್ತಕರು ಜಾರ್ಜ್ ಪ್ಲೆಬ್ಸ್ಟ್. ಒಂದರೊಳಗೊಂದು ಕೂಡಿಕೊಳ್ಳುವ ಹಂಚನ್ನು ಆಲ್ಸೇಸಿನ ಗಿಲಾರ್ಡೋನಿ ಸಹೋದರರು 1841ರಲ್ಲಿ ರೂಪಿಸಿದ್ದರು. ಆ ಬಗೆಯ ಹಂಚಿಗೆ ನೇತ್ರಾವತಿ ದಡದ ಜೇಡಿಮಣ್ಣು ಒಗ್ಗುವುದೆಂದು ಕಂಡುಕೊಂಡ ಪ್ಲೆಬ್ಸ್ಟ್ 1865ರಲ್ಲಿ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದರು. ಆರಂಭದಲ್ಲಿ ಅಲ್ಲಿದ್ದುದು ಇಬ್ಬರು ಕೆಲಸಗಾರರು, ಒಂದು ಜೊತೆ ಎತ್ತು. ದಿನದ ಉತ್ಪಾದನೆ ಸುಮಾರು 560 ಹಂಚು. ಮಣ್ಣನ್ನು ಹದಗೊಳಿಸಿ, ಅರೆದು, ಬಿಲ್ಲೆ ಕತ್ತರಿಸಿ, ಅಚ್ಚಿನಲ್ಲೊತ್ತಿ, ಅಂಚು ಸವರಿ, ನೆರಳಿನಲ್ಲಿ ಒಣಗಿಸಿ ಭಟ್ಟಿಗೆ ಇಡುವವರೆಗಿನ ಪ್ರತಿ ಹಂತಕ್ಕೂ ಅದರದೇ ಕೈಚಳಕವಿದೆ. ಬಿಸಿಲಿಗಿಟ್ಟರೆ ಹಂಚು ಸೊಟ್ಟಗಾಗುತ್ತದೆ. ಹಸಿಯಿದ್ದಾಗಲೇ ಸುಟ್ಟರೆ ಸೀಳುತ್ತದೆ. ಭಟ್ಟಿಯವನು ಬೆಂಕಿಯ ಬಣ್ಣ ಮತ್ತು ಹೊಗೆಯನ್ನು ನೋಡಿ ಪಾಕವನ್ನು ತಿಳಿಯಬೇಕು. ಬೆಂದ ಹಂಚನ್ನು ಬೆರಳಿನಿಂದ ತಟ್ಟಿ, ನಾದದಿಂದ ಗುಣವನ್ನು ಅಳೆಯಬೇಕು. ಯಂತ್ರದ ನಡುವೆಯೂ ಉಳಿದ ಇಂಥ ಇಂದ್ರಿಯಜ್ಞಾನ ಗ್ರಂಥದಿಂದ ಬಂದುದಲ್ಲ. ಜೊತೆಗೆ ನಿಂತು ಕಲಿತದ್ದು. ಜಾನಪದ ಜ್ಞಾನದ ಪ್ರಸರಣಕ್ರಮವೂ ಇದೇ ಅಲ್ಲವೆ?

ದಿನಚರಿ, ಶಿಸ್ತು, ಅವಲಂಬನೆ

ಕುಲಕಸುಬಿನವನಿಗೆ ಮನೆಯೇ ಕಮ್ಮಟ. ಹೊತ್ತನ್ನು ಹೇಳುವುದು ಸೂರ್ಯ. ಮಿಶನ್ನಿನ ಕಸುಬುದಾರನಿಗೆ ಕೆಲಸದ ಮನೆ ಬೇರೆ, ಹೊತ್ತನ್ನು ಹೇಳುವುದು ಗಂಟೆ. ವರ್ಷದ ಲಯವನ್ನು ನೇಮ, ಕೋಲ, ಕಂಬಳಗಳ ಬದಲು ಕ್ರಿಸ್ತಜಯಂತಿ, ಶುಭಶುಕ್ರವಾರ, ಈಸ್ಟರ್‌ಗಳು ನಿರ್ಧರಿಸಿದವು. ಉಪಕರಣಗಳಿಗೆ ಪೂಜೆಯಿಲ್ಲ, ದುಡಿಮೆಗೆ ಮುನ್ನ ಪ್ರಾರ್ಥನೆಯಿತ್ತು. ಜರ್ಮನ್ ಧಾಟಿಯ ಕೀರ್ತನೆಗಳು ಕನ್ನಡ, ತುಳು ಮಾತುಗಳನ್ನು ಹೊತ್ತು ಸಭೆಯ ಹಾಡುಗಳಾದವು. ಆದರೆ ಎಲ್ಲವೂ ಅಳಿಸಿಹೋಗಲಿಲ್ಲ. ಮನೆಮಾತಾಗಿ ತುಳು ಉಳಿಯಿತು. ಅನೇಕ ಕುಟುಂಬಗಳು ‘ಬರಿ’ಯ ಹೆಸರನ್ನು ಮನೆತನದ ಹೆಸರಾಗಿ ಕಾಪಾಡಿಕೊಂಡವು. ಕುಲವನ್ನು ಬಿಟ್ಟವನು ಕುಲದ ನೆನಪನ್ನು ಬಿಟ್ಟಿರಲಿಲ್ಲ.

ಈ ಬದುಕನ್ನು ಕೇವಲ ವಿಮೋಚನೆಯ ಕಥೆಯಾಗಿ ಓದುವುದೂ ಸರಿಯಲ್ಲ. ಒಕ್ಕಲಿಗೆ ಧಣಿಯಿದ್ದಂತೆ ಇಲ್ಲಿ ಕೆಲಸ, ವಸತಿ, ಸಭೆಯ ಸದಸ್ಯತ್ವ ಈ ಮೂರೂ ಬಹುಮಟ್ಟಿಗೆ ಒಂದೇ ಸಂಸ್ಥೆಯ ಕೈಯಲ್ಲಿದ್ದವು. ಧರ್ಮಕಾರ್ಯ ಮತ್ತು ಉದ್ಯಮ ಎಷ್ಟರಮಟ್ಟಿಗೆ ಕೂಡಬಹುದೆಂಬ ಚರ್ಚೆ ಮಿಶನ್ನಿನ ಒಳಗೇ ನಡೆದಿತ್ತು. ಹಾಗೆಯೇ ಕಾರ್ಖಾನೆಗಳು ಬೆಳೆದಂತೆ ಅನ್ಯಧರ್ಮೀಯರೂ ಹೆಂಗಸರೂ ದೊಡ್ಡ ಪ್ರಮಾಣದಲ್ಲಿ ದುಡಿದರು. ಮಣ್ಣು, ಹಂಚು ಹೊತ್ತ ಹೆಂಗಸರ ಶ್ರಮ ಕುಶಲಕರ್ಮದ ಪಟ್ಟಿಯಲ್ಲಿ ಸೇರದೆ ಹೋದುದು ಪ್ರತ್ಯೇಕ ಅಧ್ಯಯನಕ್ಕೆ ಅರ್ಹವಾದ ಸಂಗತಿ.

ಅವಲಂಬನೆಯ ಅಪಾಯ ಮೊದಲ ಮಹಾಯುದ್ಧದ ಕಾಲದಲ್ಲಿ ಬಯಲಾಯಿತು. 1914ರ ನಂತರ ಜರ್ಮನ್ ಮಿಶನರಿಗಳು ಬಂಧನಕ್ಕೊಳಗಾದರು, ದೇಶ ಬಿಡಬೇಕಾಯಿತು. ಉದ್ಯಮಗಳು ಸರಕಾರದ ವಶಕ್ಕೆ ಹೋಗಿ, ಯುದ್ಧಾನಂತರ ಕಾಮನ್‌ವೆಲ್ತ್ ಟ್ರಸ್ಟಿಗೆ ಸೇರಿದವು. ಯಜಮಾನಿಕೆ ಬದಲಾದರೂ ಕೌಶಲ ಕೆಲಸಗಾರನಲ್ಲೇ ಉಳಿದಿತ್ತು. ಕರಾವಳಿಯಲ್ಲಿ ಇತರರು ಕಟ್ಟಿದ ಹಂಚಿನ ಕಾರ್ಖಾನೆಗಳೂ ಮುದ್ರಣಾಲಯಗಳೂ ಇಂಥ ಕೌಶಲದ ಬಲದಿಂದಲೇ ನಡೆದವು. ಕಸುಬು ಮಿಶನ್ನಿನ ಗೋಡೆಯನ್ನು ದಾಟಿ ಊರಿನ ಸ್ವತ್ತಾಯಿತು.

ಅಧ್ಯಯನದ ತುರ್ತು

ಕಾಂಕ್ರೀಟ್ ಛಾವಣಿ ಹಂಚನ್ನೂ, ಗಣಕಯಂತ್ರದ ಅಕ್ಷರ ಮೊಳೆಯನ್ನೂ ಹಿಂದಕ್ಕೆ ಸರಿಸಿವೆ. ಕರಾವಳಿಯ ಅನೇಕ ಹಂಚಿನ ಕಾರ್ಖಾನೆಗಳು ಮುಚ್ಚಿವೆ. ಬಾಸೆಲ್‌ನ ಪತ್ರಾಗಾರದಲ್ಲೂ ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಲ್ಲೂ ವರದಿಗಳು, ಪುಸ್ತಕಗಳು ಸುರಕ್ಷಿತವಾಗಿವೆ. ಆದರೆ ಅವು ಬಹುಮಟ್ಟಿಗೆ ಕೆಲಸ ಮಾಡಿಸಿದವರ ಬರಹಗಳು. ಕೆಲಸ ಮಾಡಿದವರ ಮಾತು, ಅಂದರೆ ಮಣ್ಣಿನ ಹದಕ್ಕಿದ್ದ ಹೆಸರುಗಳು, ಮೊಳೆಪೆಟ್ಟಿಗೆಯ ಮನೆಗಳ ಗುರುತು, ಭಟ್ಟಿಯ ಬಳಿ ಹುಟ್ಟಿದ ಗಾದೆ ಮತ್ತು ನಗೆಮಾತುಗಳು, ಕಟ್ಟಡಗಳಲ್ಲಾಗಲಿ ಕಡತಗಳಲ್ಲಾಗಲಿ ಉಳಿಯುವುದಿಲ್ಲ. ಅವು ವಯಸ್ಸಾದ ಕಸುಬುದಾರರ ನೆನಪಿನಲ್ಲಿವೆ.

ಜಾನಪದವನ್ನು ‘ಕುಲದಿಂದ ಬಂದದ್ದು’ ಎಂದಷ್ಟೇ ವ್ಯಾಖ್ಯಾನಿಸಿದರೆ ಈ ನೆನಪನ್ನು ಸಂಗ್ರಹಿಸಲು ಯಾರೂ ಹೋಗುವುದಿಲ್ಲ. ಚರ್ಚಿನ ಚರಿತ್ರೆ ಬರೆಯುವವರಿಗೆ ಅದು ಕಸುಬಿನ ವಿಷಯ, ಕಸುಬಿನ ಅಧ್ಯಯನಕಾರರಿಗೆ ಚರ್ಚಿನ ವಿಷಯ. ಒಂದು ಸಮೂಹವು ಜೊತೆಯಾಗಿ ದುಡಿಯುತ್ತ, ಕಲಿಯುತ್ತ, ಮುಂದಿನವರಿಗೆ ದಾಟಿಸಿದ ಜ್ಞಾನವೆಲ್ಲವೂ ಜಾನಪದವೆಂದು ಒಪ್ಪಿದಾಗ ಮಾತ್ರ ಕುಲಕಸುಬಿನಾಚೆಯ ಈ ಕುಶಲಕರ್ಮಿಗೆ ನಮ್ಮ ವೃತ್ತಿಪದಕೋಶಗಳಲ್ಲಿ, ಜನಾಂಗಿಕ ಅಧ್ಯಯನಗಳಲ್ಲಿ ನ್ಯಾಯವಾದ ಸ್ಥಾನ ದೊರೆಯುತ್ತದೆ. ಬಲ್ಲವರು ಇನ್ನೂ ನಮ್ಮ ನಡುವೆ ಇರುವಾಗಲೇ ಈ ದಾಖಲಾತಿ ನಡೆಯಬೇಕಾಗಿದೆ.