ಶಾಲೆಯಲ್ಲಿ ಗರ್ಭನಿರೋಧಕ: ಮೊದಲ ಅಡ್ಡಿ ಕಾಯ್ದೆಯದು

ಬೆಂಗಳೂರು: ಪ್ರೌಢಶಾಲೆಗಳು ವಿದ್ಯಾರ್ಥಿಗಳಿಗೆ ಗರ್ಭನಿರೋಧಕ ಒದಗಿಸಬೇಕೇ? ರಾಜ್ಯದಲ್ಲಿ ಈ ಪ್ರಶ್ನೆ ಹಿಂಬಾಗಿಲಿನಿಂದ ಪ್ರವೇಶಿಸಿತು. 2022ರ ನವೆಂಬರ್‌ನಲ್ಲಿ ನಗರದ ಕೆಲವು ಶಾಲೆಗಳು ಮೊಬೈಲ್ ಪತ್ತೆಗೆಂದು ಮಕ್ಕಳ ಬ್ಯಾಗ್ ತಪಾಸಣೆ ನಡೆಸಿದಾಗ ಕಾಂಡೋಮ್, ಗರ್ಭನಿರೋಧಕ ಮಾತ್ರೆಗಳೂ ದೊರೆತವು. 2023ರ ಜನವರಿಯಲ್ಲಿ, 18 ವರ್ಷದೊಳಗಿನವರಿಗೆ ಇವುಗಳ ಮಾರಾಟವನ್ನೇ ನಿಷೇಧಿಸಲಾಗಿದೆ ಎಂಬ ಸುದ್ದಿ ಹಬ್ಬಿತು. ಅಂತಹ ಆದೇಶವೇ ಇಲ್ಲವೆಂದು ಔಷಧ ನಿಯಂತ್ರಣ ಇಲಾಖೆ ಸ್ಪಷ್ಟನೆ ನೀಡಬೇಕಾಯಿತು.

ಹಾಗಾದರೆ ಅಂಗಡಿಯಲ್ಲಿ ಸಿಗುವುದನ್ನು ಶಾಲೆಯೇ ಏಕೆ ಕೊಡಬಾರದು? ಸಂಸ್ಕೃತಿಯ ಚರ್ಚೆ ಆರಂಭವಾಗುವ ಮುನ್ನವೇ ಕಾನೂನು ಅಡ್ಡ ನಿಲ್ಲುತ್ತದೆ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ 18 ತುಂಬದವರ ಸಮ್ಮತಿಗೆ ಮಾನ್ಯತೆಯಿಲ್ಲ. ಅಪರಾಧ ನಡೆದಿದೆಯೆಂದು ತಿಳಿದವರು, ನಡೆಯಬಹುದೆಂಬ ಆತಂಕವುಳ್ಳವರೂ ವರದಿ ಮಾಡಬೇಕೆನ್ನುತ್ತದೆ ಅದರ 19ನೇ ಕಲಂ. ವರದಿ ಮಾಡದಿದ್ದರೆ ಆರು ತಿಂಗಳವರೆಗೆ ಸೆರೆವಾಸ, ದಂಡ ಅಥವಾ ಎರಡೂ. ವಿದ್ಯಾರ್ಥಿನಿಗೆ ಮಾತ್ರೆ ಕೊಟ್ಟ ಶಿಕ್ಷಕಿ ಅದರ ಬೆನ್ನಿಗೇ ಪೊಲೀಸ್ ಠಾಣೆಯ ಮೆಟ್ಟಿಲನ್ನೂ ಏರಬೇಕಾದೀತು.

ವಿಚಿತ್ರವೆಂದರೆ, ಸರ್ಕಾರವೇ ಇನ್ನೊಂದು ಬಾಗಿಲು ತೆರೆದಿಟ್ಟಿದೆ. 2014ರಲ್ಲಿ ಆರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮವು 10ರಿಂದ 19 ವರ್ಷದವರಿಗೆ, ಅವಿವಾಹಿತರನ್ನೂ ಒಳಗೊಂಡಂತೆ, ಮೀಸಲು. ಕರ್ನಾಟಕದಲ್ಲಿ ಇದರ ಕೇಂದ್ರಗಳಿಗೆ ಸ್ನೇಹ ಕ್ಲಿನಿಕ್ ಎಂದು ಹೆಸರು. ಆಪ್ತ ಸಮಾಲೋಚನೆಯೊಂದಿಗೆ ಗರ್ಭನಿರೋಧಕವೂ ಕಾರ್ಯಕ್ರಮದ ಸೇವೆಗಳಲ್ಲಿ ಸೇರಿದೆ. ಆದರೆ ಅಲ್ಲಿನ ಸಿಬ್ಬಂದಿಗೂ ಪೋಕ್ಸೊ ಅನ್ವಯಿಸುತ್ತದೆ!

ಇದು ನಗರದ ಶಾಲಾ ಬ್ಯಾಗುಗಳ ಸಂಗತಿ ಮಾತ್ರವೆಂದು ಭಾವಿಸುವಂತಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ರಾಜ್ಯದಲ್ಲಿ 20ರಿಂದ 24 ವಯೋಮಾನದ ಮಹಿಳೆಯರ ಪೈಕಿ ಶೇ 21.3ರಷ್ಟು ಮಂದಿ 18 ತುಂಬುವ ಮುನ್ನವೇ ಮದುವೆಯಾದವರು. 18 ತುಂಬದ ಪತ್ನಿಯೊಂದಿಗಿನ ಸಂಪರ್ಕವೂ ಅತ್ಯಾಚಾರವೇ ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿದೆ. ಬಾಲಕಿಯ ರಕ್ಷಣೆಗೆ ಈ ತೀರ್ಪು ಅಗತ್ಯವೇ ಇತ್ತು. ಆದರೂ ಗಂಡ ಜೈಲು ಸೇರುತ್ತಾನೆಂಬ ಭಯವಿದ್ದರೆ ಹುಡುಗಿ ಆಸ್ಪತ್ರೆಗೆ ಹೋಗುವುದೆಂತು? ತುರ್ತು ಗರ್ಭನಿರೋಧಕ ಮಾತ್ರೆಯನ್ನು 72 ಗಂಟೆಗಳೊಳಗೆ ಸೇವಿಸಬೇಕು. ತಡವಾದಷ್ಟೂ ಅದರ ಪರಿಣಾಮ ಕುಂದುತ್ತದೆ. ಹಿಂಜರಿಕೆಯಲ್ಲೇ ಈ ಅವಧಿ ಕಳೆದುಹೋದೀತು.

2022ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಂದು ದಾರಿ ತೋರಿತು. ಗರ್ಭಪಾತಕ್ಕಾಗಿ ಬಂದ ಅಪ್ರಾಪ್ತೆ ಮತ್ತು ಆಕೆಯ ಪೋಷಕರು ಕೋರಿದಲ್ಲಿ, ವೈದ್ಯರು ಪೊಲೀಸರಿಗೆ ನೀಡುವ ವರದಿಯಲ್ಲಿ ಆಕೆಯ ಗುರುತು ತಿಳಿಸಬೇಕಿಲ್ಲ. ಶಾಲೆಗಳಲ್ಲಿ ಮಾತ್ರೆ ಇಡುವ ಮಾತು ಆಮೇಲಿನದು. ಗರ್ಭ ನಿಲ್ಲದಂತೆ ತಡೆಯಲು ನೆರವು ಕೇಳಿ ಬರುವ ಹುಡುಗಿಗೂ ಇದೇ ವಿನಾಯಿತಿ ದೊರೆಯುವುದು ಮೊದಲ ಅಗತ್ಯ. ಆ ತೀರ್ಪು ಆಕೆಯ ವಿಷಯ ಪ್ರಸ್ತಾಪಿಸಿಲ್ಲ.