ಬೀಳದಂತೆ ನಡೆಯುವ ವಿದ್ಯೆ

‘ಬಚ್ಚಲಲ್ಲಿ ಜಾರಿ ಬಿದ್ದರಂತೆ’ ಎಂಬ ಸುದ್ದಿಗೆ ಬಿ.ಪಿ., ಶುಗರ್‌ಗಿಂತ ಹೆಚ್ಚು ಹೆದರಬೇಕು. ಸೊಂಟದ ಮೂಳೆ ಮುರಿದುಕೊಂಡ ಹಿರಿಯರಲ್ಲಿ ಎಷ್ಟೋ ಮಂದಿ ಮತ್ತೆ ಮೊದಲಿನಂತೆ ಓಡಾಡುವುದೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6.84 ಲಕ್ಷ ಜನ ಬಿದ್ದು ಸಾಯುತ್ತಾರೆ. ಅವರಲ್ಲಿ 60 ದಾಟಿದವರೇ ಹೆಚ್ಚು.

ಬೀಳದಿರಲು ಚೀನಾದ ನಿಧಾನ ಚಲನೆಯ ವ್ಯಾಯಾಮ ತೈಚಿ ಒಳ್ಳೆಯದು ಎಂದರೆ, ‘ಯಾಕೆ, ನಮ್ಮ ಯೋಗ ಇಲ್ಲವೇ?’ ಎನ್ನುವವರು ತುಮಕೂರಿನ ಅಮಾನಿಕೆರೆಯ ಬಳಿಯೂ ಸಿಗುತ್ತಾರೆ, ಕುಣಿಗಲ್ ಕೆರೆ ಏರಿಯ ಮೇಲೂ ಸಿಗುತ್ತಾರೆ. ಇರಲಿ, ಮೊದಲು ಪುರಾವೆ ನೋಡೋಣ.

ಅಮೆರಿಕದ ಆರೆಗಾನ್‌ನಲ್ಲಿ ಬೀಳುವ ಅಪಾಯ ಹೆಚ್ಚಿದ್ದ, 70 ದಾಟಿದ 670 ಮಂದಿಯನ್ನು ಮೂರು ಗುಂಪು ಮಾಡಿ, ವಾರಕ್ಕೆ ಎರಡು ದಿನದಂತೆ 24 ವಾರ ತರಬೇತಿ ಕೊಟ್ಟರು. 2018ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಬರೀ ಮೈ ಸಡಿಲಿಸುವ ವ್ಯಾಯಾಮ ಮಾಡಿದವರಿಗಿಂತ ತೈಚಿಯವರು ಬಿದ್ದದ್ದು 58% ಕಡಿಮೆ. ಹಲವು ಬಗೆಯ ವ್ಯಾಯಾಮ ಮಾಡಿದವರಿಗಿಂತಲೂ 31% ಕಡಿಮೆ.

ಗುಟ್ಟು ಹೆಜ್ಜೆಯಲ್ಲಿದೆ. ಮಂಡಿ ತುಸು ಬಾಗಿಸಿ, ಮೈಭಾರವನ್ನೆಲ್ಲ ನಿಧಾನವಾಗಿ ಒಂದು ಕಾಲಿಗೆ ಸರಿಸಿದ ಮೇಲೆಯೇ ಇನ್ನೊಂದು ಪಾದ ನೆಲ ಬಿಡುತ್ತದೆ. ಹಿಮ್ಮಡಿ ಮೊದಲು ಊರಿ, ಆಮೇಲೆ ಅಂಗಾಲು. ಕೊಳಾಯಿಯಲ್ಲಿ ತುಂಬಿಸಿದ ಬಿಂದಿಗೆ ಎತ್ತಿ ಹೊಸಿಲು ದಾಟುವಾಗ ಬೇಕಾಗುವುದು ಇದೇ ಹತೋಟಿ.

ಮಂಡಿನೋವಿಗೂ ಫಲವಿದೆ. 204 ರೋಗಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ತೈಚಿ ಫಿಸಿಯೋಥೆರಪಿಗೆ ಸರಿಸಮನಾಗಿ ನಿಂತಿತು. ನಮ್ಮ ಬೆಂಗಳೂರಿನಲ್ಲೇ ಎಸ್-ವ್ಯಾಸ ಯೋಗ ವಿಶ್ವವಿದ್ಯಾಲಯದ ಸಂಶೋಧಕರು ಮಂಡಿ ಸವೆದ 250 ಮಂದಿಯಲ್ಲಿ ಯೋಗದ ಒಳಿತನ್ನು ದಾಖಲಿಸಿದ್ದಾರೆ. ಇವುಗಳಿಂದ ಶುಗರ್, ಕ್ಯಾನ್ಸರ್ ಎಲ್ಲ ಓಡಿಹೋಗುತ್ತವೆ ಎನ್ನುವ ವಾಟ್ಸಾಪ್ ವಿಡಿಯೊಗಳನ್ನು ಮಾತ್ರ ಪಕ್ಕಕ್ಕಿಡಿ.

ಇಷ್ಟಾದರೂ ತೈಚಿಯ ಹೆಸರಿಗೇ ಮರುಳಾಗಬೇಕಿಲ್ಲ. 108 ಅಧ್ಯಯನಗಳನ್ನು ಒಟ್ಟಿಗೆ ಜಾಲಾಡಿದ, ಕಾಕ್ರೇನ್ ಎಂಬ ವೈದ್ಯಕೀಯ ಸಂಶೋಧನಾ ಜಾಲದ 2019ರ ವಿಮರ್ಶೆಯಲ್ಲಿ ಬೀಳುವುದನ್ನು ತೈಚಿ 19% ತಗ್ಗಿಸಿದರೆ, ಸಮತೋಲನದ ಸಾಮಾನ್ಯ ವ್ಯಾಯಾಮಗಳು 24% ತಗ್ಗಿಸಿದ್ದವು; ಪುರಾವೆ ಹೆಚ್ಚು ಗಟ್ಟಿಯಿರುವುದೂ ಎರಡನೆಯದಕ್ಕೇ. ಅಂದರೆ ನಿಂತು, ಕಾಲು ಬದಲಿಸಿ, ತಿಂಗಳುಗಟ್ಟಲೆ ಬಿಡದೆ ಮಾಡುವುದು ಮುಖ್ಯ.

ಗುಬ್ಬಿ, ಕುಣಿಗಲ್‌ನ ಹಿರಿಯರು ತೈಚಿ ಗುರು ಸಿಗಲೆಂದು ಕಾಯಬೇಕಿಲ್ಲ. ಯೋಗ ಹೇಳಿಕೊಡುವವರಲ್ಲಿ ಒಂದು ಕೋರಿಕೆ: ಚಾಪೆಯ ಮೇಲೆ ಪ್ರಾಣಾಯಾಮ ಮಾಡಿಸುವಷ್ಟೇ ಹೊತ್ತು, ಗೋಡೆಯ ಪಕ್ಕ ನಿಲ್ಲಿಸಿ ಒಂಟಿಕಾಲಿನ ಅಭ್ಯಾಸವನ್ನೂ ಮಾಡಿಸಿ. ವರ್ಷದೊಳಗೆ ಒಮ್ಮೆ ಬಿದ್ದವರು, ತಲೆಸುತ್ತು ಇರುವವರು ಮೊದಲು ವೈದ್ಯರನ್ನು ಕಂಡು ಆಮೇಲೆ ಶುರುಮಾಡಲಿ.